ಇಪ್ಪತ್ತು ಇಂಚಿನ ಮಿಂಚು

ಹೊಟ್ಟೆ ಚುರುಗುಟ್ಟುತ್ತಾ ಇದೆ, ಅದಕ್ಕೇ ಈ ಕಥೆ ಹೇಳ್ತಾ ಕೂತಿದ್ದೀನಿ. ಒಳಗೆ ಹುರುಳಿಕಾಳಿನ ಸಾರು ಕುದ್ದಿದೆ, ಮುದ್ದೆ ಕಟ್ಟಿಟ್ಟು ಮುಚ್ಚಿದ್ದೀನಿ. ಆದರೂ ಒಂದು ತುತ್ತು ಮುರಿದು ಬಾಯಿಗಿಡೋ ಹಾಗಿಲ್ಲ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ, ಈಗಲೇ ಕೇಳಬೇಡಿ. ಹಸಿದಾಗ ನನಗೆ ಕೋಪ ಮೂಗಿನ ತುದೀಲೇ ಇರುತ್ತೆ.

ನಮ್ಮೂರಲ್ಲಿ ಮಾತು ಎರಡು ಥರ. ಒಣ ಮಾತು, ಮಿಂಚಿನ ಮಾತು. ಒಣ ಮಾತನ್ನ ಯಾರು ಎಷ್ಟು ಬೇಕಾದರೂ ಆಡಬಹುದು. ನಾಳೆ ಏಣಿ ವಾಪಸ್ ಕೊಡ್ತೀನಿ ಅಂತ ಹೇಳಿ ಮೂರು ತಿಂಗಳು ಇಟ್ಟುಕೊಂಡರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮಿಂಚು ಹಾರೋ ಗಳಿಗೇಲಿ ಆಡಿದ ಮಾತು ಮಾತ್ರ ಹಾಗಲ್ಲ. ಅದನ್ನ ಮೀರೋಕೆ ಹೋದರೆ ಕೈ ಅರ್ಧ ದಾರೀಲೇ ನಿಂತುಬಿಡುತ್ತೆ, ಆಮೇಲೆ ಮೂರು ದಿನ ಜೋಮು. ಮಿಂಚಿನ ಉದ್ದ ಎಷ್ಟೋ ಮಾತಿನ ಆಯಸ್ಸು ಅಷ್ಟು. ಬೆರಳುದ್ದದ ಮಿಂಚಾದರೆ ಸೂರ್ಯ ಮುಳುಗೋವರೆಗೆ, ಗೇಣುದ್ದವಾದರೆ ಒಂದು ವರ್ಷ, ಮೊಳದುದ್ದವಾದರೆ ಜೀವ ಇರೋವರೆಗೆ. ಮೊಳ ಅಂದರೆ ಮಾತಾಡಿದವರ ಮೊಳ. ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಅವರವರದ್ದು ಎಷ್ಟಿದೆಯೋ ಅಷ್ಟು.

ಮುಂಗಾರಿನ ಎರಡು ವಾರ ಆಕಾಶವೇ ಮಿಂಚುತ್ತೆ, ಅದಕ್ಕೆ ಅಳತೆಯೇ ಬೇಕಿಲ್ಲ. ಆಗ ಊರಿಗೆ ಊರೇ ಮಾಳಿಗೆ ಹತ್ತಿ ನಿಂತು ಕೂಗಿಕೊಳ್ಳುತ್ತೆ. ಒಬ್ಬ ಮದುವೆಯ ಮಾತು ಕೊಡ್ತಾನೆ, ಇನ್ನೊಬ್ಬಳು ನಾದಿನಿ ಜೊತೆ ರಾಜಿ ಮಾಡ್ಕೊಳ್ತಾಳೆ, ಮತ್ತೊಬ್ಬ ನಶ್ಯ ಬಿಡ್ತೀನಿ ಅಂತ ಕೂಗಿ ಮರುಕ್ಷಣವೇ ತಲೆ ಚಚ್ಚಿಕೊಳ್ತಾನೆ. ಮಿಕ್ಕ ಕಾಲಕ್ಕೆ ಪುರಸಭೆಯಲ್ಲಿ ಒಂದು ಮಿಂಚಿನ ಯಂತ್ರ ಇದೆ. ಅದು ಹದಿನೇಳು ಇಂಚು ಹಾರಿಸುತ್ತೆ. ಸಾಮಾನ್ಯ ಜನರ ಮೊಳಕ್ಕೆ ಅಷ್ಟು ಸಾಕು. ಅದನ್ನ ಸುಧಾರಿಸಿ ಅಂತ ಅರ್ಜಿ ಕೊಟ್ಟರೆ ಮೂರು ಪ್ರತಿ ಕೇಳ್ತಾರೆ, ಮೂರನ್ನೂ ಕಳೆದುಹಾಕ್ತಾರೆ.

ನಾನೋ, ಸಾಮಾನ್ಯ ಜನರ ಸಾಲಿಗೆ ಸೇರಿದವಳಲ್ಲ. ಹೆಸರು ಇಂದ್ರಾಣಿ. ಎತ್ತರ ಆರಡಿಯ ಮೇಲೆ ಒಂದಿಂಚು. ಮೊಳ ಸರಿಯಾಗಿ ಇಪ್ಪತ್ತು ಇಂಚು. ಮನೆ ಮುಂದಿನ ಕೋಣೇಲಿ ಅಪ್ಪನ ಕಾಲದ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪು, ಮಿಕ್ಸಿ, ಫ್ಯಾನು ಏನೇ ತನ್ನಿ, ತಂತಿ ಸುತ್ತಿ ಜೀವ ಬರಿಸಿ ಕೊಡ್ತೀನಿ. ಸ್ಕೂಲಲ್ಲಿ ಹುಡುಗರು 'ಏ ಇಂದ್ರಾಣಿ, ಮೇಲೆ ಚಳಿ ಇದೆಯಾ?' ಅಂತ ಕೇಳೋರು. ಬೆಳೆದ ಮೇಲೆ ನನ್ನನ್ನ ನೋಡೋಕೆ ಬಂದ ಗಂಡಿನ ಕಡೆಯವರು ಬಾಯಿಬಿಟ್ಟು ಕೇಳ್ತಿರಲಿಲ್ಲ, ತಲೆ ಎತ್ತಿ ನೋಡಿ ಕಾಫಿ ಕುಡಿದು ಎದ್ದು ಹೋಗೋರು. ಮೂವತ್ತೆಂಟಾಗೋ ಹೊತ್ತಿಗೆ ನಾನೂ ಆ ಯೋಚನೆ ಬಿಟ್ಟಿದ್ದೆ. ಜೊತೆಗಿದ್ದದ್ದು ಅಪ್ಪನ ತಂಗಿ, ನನ್ನ ಸೋದರತ್ತೆ ಪುಟ್ಟತಾಯಮ್ಮ ಒಬ್ಬಳೇ. ಅವಳು ಬೆಳಗಿನ ಹನ್ನೊಂದಕ್ಕೇ ಉಂಡು ಮಲಗೋಳು. ನಾನು ಕೆಲಸ ಮುಗಿದಾಗ ಅಂಗಡಿಯ ಮೇಜಿನ ಪಕ್ಕ ನಿಂತುಕೊಂಡೇ, ಒಬ್ಬಳೇ, ಏನೋ ಒಂದಿಷ್ಟು ತಿಂದು ಕೈ ತೊಳೀತಿದ್ದೆ.

ಹೀಗಿರುವಾಗ ಫಾಲಾಕ್ಷಪ್ಪ ಬಂದರು. ಬೀದಿ ಕೊನೆಯ ಟೈಲರು. ಎತ್ತರ ಐದಡಿ, ಅದೂ ಚಪ್ಪಲಿ ಹಾಕ್ಕೊಂಡಾಗ. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಹೊಲಿಗೆ ಮಿಷನ್ನಿನ ಮೋಟಾರು ಸುಟ್ಟುಹೋಗಿದೆ ಅಂತ ತಂದರು. ನೋಡಿದರೆ ಮೋಟಾರಿನ ಹೊಟ್ಟೆ ತುಂಬ ಎಣ್ಣೆ. "ಏನ್ರೀ ಇದು, ಮೋಟಾರಿಗೆ ಅಭ್ಯಂಜನ ಮಾಡಿಸಿದ್ದೀರಾ?" ಅಂತ ಚೆನ್ನಾಗಿ ಬೈದೆ. ನಗ್ತಾ ಬೈಸಿಕೊಂಡರು. ಎರಡನೇ ಸಲವೂ ಎಣ್ಣೆ ಹುಯ್ದುಕೊಂಡೇ ತಂದರು, ಬೈಸಿಕೊಂಡರು. ಮೂರನೇ ಸಲ ಬಂದಾಗ ಕೈಯಲ್ಲಿ ಮೋಟಾರಿರಲಿಲ್ಲ, ನೀಲಿ ಬಟ್ಟೆಯ ತುಂಡಿತ್ತು. "ನಿಮ್ಮ ತೋಳು ಒಂದು ಸಲ ಅಳೀಲಾ?" ಅಂದರು. "ಯಾಕೆ?" ಅಂದೆ. "ಬಂದಾಗಿಂದ ನೋಡ್ತಿದ್ದೀನಿ, ನಿಮ್ಮ ಅಂಗಿಯ ತೋಳು ಮಣಿಕಟ್ಟಿಗೆ ಬರ್ತಾನೇ ಇಲ್ಲ. ಅದನ್ನ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲ್ಲ." ಸ್ಟೂಲಿನ ಮೇಲೆ ಹತ್ತಿ ನಿಂತು ಅಳೆದುಕೊಂಡು ಹೋದರು. ನಾಲ್ಕು ದಿನಕ್ಕೆ ಅಂಗಿ ಬಂತು. ಹುಟ್ಟಿದಾಗಿಂದ ಮೊದಲನೇ ಸಲ ಒಂದು ಅಂಗಿಯ ತೋಳು ನನ್ನ ಮಣಿಕಟ್ಟು ಮುಟ್ಟಿತು. ನಾನು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ಇದನ್ನ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳ್ತಿದ್ದೀನಿ.

ಮುಂದಿನ ವಾರ ಆ ಮನುಷ್ಯ ನನಗೊಂದು ಮಾತೂ ಹೇಳದೆ ಪುರಸಭೆಗೆ ಹೋಗಿ, ಯಂತ್ರದ ಮುಂದೆ ನಿಂತು, 'ನಾನು ಇಂದ್ರಾಣಿಯವರ ಗಂಡನಾಗಿ ಇರ್ತೀನಿ' ಅಂತ ಮಾತು ಕೊಟ್ಟುಬಿಟ್ಟರು. ಅವರ ಮೊಳ ಹದಿನಾರು ಇಂಚು, ಮಿಂಚು ಹದಿನೇಳು. ಅಳತೆಯ ಹೊನ್ನಮ್ಮ ನೂಲು ಹಿಡಿದು ಅಳೆದು, ಸರಿ ಇದೆ ಅಂತ ಠಸ್ಸೆ ಒತ್ತಿದಳು. ಈ ಹೊನ್ನಮ್ಮ ಪುರಸಭೆಯ ನೌಕರಳು. ಯಂತ್ರದ ಮುಂದೆ ಮದುವೆಯ ಮಾತು ಯಾರೇ ಕೊಡಲಿ, ಅವಳು ಅಳೆದು ಹೂಂ ಅನ್ನದೆ ಅದು ನಿಲ್ಲೋದಿಲ್ಲ. ನನಗೆ ವಿಷಯ ಗೊತ್ತಾದದ್ದು ಫ್ಯಾನು ರಿಪೇರಿಗೆ ಬಂದ ಗಿರಾಕಿಯಿಂದ. ಕೈಯಲ್ಲಿದ್ದ ಸ್ಪ್ಯಾನರನ್ನೂ ಇಡದೆ ಟೈಲರ್ ಅಂಗಡಿಗೆ ನುಗ್ಗಿದೆ. "ನನ್ನನ್ನ ಒಂದು ಮಾತು ಕೇಳಿದ್ರೇನ್ರೀ?" ಅಂತ ಕೂಗಿದೆ. ಅವರು ಗುಂಡಿ ಹೊಲೀತಾ ಇದ್ದರು. "ಒಣ ಮಾತಲ್ಲಿ ಕೇಳಿದ್ದರೆ ನೀವು ನಂಬ್ತಿರಲಿಲ್ಲ" ಅಂದರು. ಅದು ನಿಜವಾಗಿತ್ತು. ನನಗೆ ಇನ್ನೂ ಸಿಟ್ಟು ಬಂತು.

ಈಗ ನಮ್ಮೂರಿನ ಪದ್ಧತಿ ಕೇಳಿ. ಒಬ್ಬರು ಮದುವೆಯ ಮಾತು ಕೊಟ್ಟು ಇನ್ನೊಬ್ಬರು ಇನ್ನೂ ಕೊಡದಿದ್ದರೆ ಅದು ಅರ್ಧ ಮದುವೆ. ಫಾಲಾಕ್ಷಪ್ಪ ನನ್ನ ಗಂಡ, ನಾನು ಅವರ ಹೆಂಡತಿ ಅಲ್ಲ. ಅರ್ಧ ಗಂಡ ಮನೆಗೆ ಬರಬಹುದು, ಹೊಸ್ತಿಲು ದಾಟೋ ಹಾಗಿಲ್ಲ. ಜಗಲಿ ಮೇಲೆ ಕೂರಿಸಿ ಅರ್ಧ ಬಾಳೆಎಲೆಯಲ್ಲಿ ಊಟ ಬಡಿಸಬೇಕು. ನೂರು ದಿನದೊಳಗೆ ಇನ್ನೊಬ್ಬರೂ ಮೊಳದ ಮಾತು ಕೊಡಬೇಕು. ಮೊಳದ ಮಾತಿಗೆ ಮೊಳದ ಮಾತೇ ಉತ್ತರ, ಗೇಣಿನದ್ದು ನಡೆಯಲ್ಲ. ನೂರನೇ ದಿನ ಸೂರ್ಯ ಮುಳುಗಿತೋ, ಆ ಮಾತು ಹಳಸಿತು. ಒಮ್ಮೆ ಹಳಸಿದ ಮಾತನ್ನ ಅದೇ ಇಬ್ಬರು ಮತ್ತೆ ಈ ಜನ್ಮದಲ್ಲಿ ಕೊಡೋ ಹಾಗಿಲ್ಲ.

ನಾನು ನಲವತ್ತು ದಿನ ಬಿಗಿದುಕೊಂಡೇ ಇದ್ದೆ. ಅವರು ದಿನಾ ಮಧ್ಯಾಹ್ನ ಬಂದು ಜಗಲಿ ಮೇಲೆ ಕೂತು, ಅರ್ಧ ಎಲೆಯಲ್ಲಿ ಉಂಡು, "ಅತ್ತೇ, ಇವತ್ತಿನ ಗೊಜ್ಜು ಬಹಳ ಚೆನ್ನಾಗಿತ್ತು" ಅಂತ ಹೇಳಿ ಹೋಗೋರು. ನಾನು ಒಳಗೆ ಮೇಜಿನ ಪಕ್ಕ ನಿಂತು ತಿಂತಾ ಇರ್ತಿದ್ದೆ. ನಡುವೆ ಒಂದು ಗೋಡೆ. ನಲವತ್ತೊಂದನೇ ದಿನ ಅವರು ಬರಲಿಲ್ಲ, ಪಕ್ಕದೂರಿಗೆ ಕೋಟು ಕೊಡೋಕೆ ಹೋಗಿದ್ದರು. ಅವತ್ತು ಸಾರು ಸಪ್ಪೆ ಅನ್ನಿಸಿತು. ಅತ್ತೆಗೆ ಉಪ್ಪು ಹಾಕಿಲ್ಲ ಅಂತ ಜಗಳ ತೆಗೆದೆ. ಅತ್ತೆ ರುಚಿ ನೋಡಿ, ನನ್ನ ಮುಖ ನೋಡಿ, "ಉಪ್ಪು ಸರಿಯಾಗೇ ಇದೆ ಕಣೇ ತೆಂಗಿನಮರ, ನಿನಗೆ ಕಡಿಮೆಯಾಗಿರೋದು ಬೇರೆ" ಅಂದಳು. ನನಗೆ ತಲೆಗೆ ಹತ್ತಿತು. ಆಮೇಲೆ ಲೆಕ್ಕ ಹಾಕಿದೆ. ಮುಂಗಾರಿಗೆ ಇನ್ನೂ ಆರು ತಿಂಗಳು. ಪುರಸಭೆಯ ಮಿಂಚು ಹದಿನೇಳೇ ಇಂಚು. ನನ್ನ ಈ ದರಿದ್ರ ತೋಳಿಗೆ ಇಪ್ಪತ್ತು ಬೇಕು.

ಹಿತ್ತಿಲ ಕಡೆಯ ಕೋಣೇಲಿ ಅಪ್ಪ ತನ್ನ ಕೈಯಾರೆ ಮಾಡಿದ ಮಿಂಚಿನ ಯಂತ್ರ ಇತ್ತು. ನೋಡೋಕೆ ಏನೂ ಇಲ್ಲ. ಹಳೇ ಟಾಕೀಸಿನ ನಿಯಾನ್ ಬೋರ್ಡಿನ ಒಂದು ಟ್ರಾನ್ಸ್‌ಫಾರ್ಮರ್. ಉಪ್ಪುನೀರು ತುಂಬಿದ ಹನ್ನೆರಡು ಗಾಜಿನ ಬಾಟಲಿ. ಕಿಡಿ ಚಟಗುಟ್ಟೋಕೆ ಎದುರುಬದುರು ನಿಲ್ಲಿಸಿದ ಎರಡು ಬೋಲ್ಟು. ನೆಲದ ಹತ್ತಿರ ದಪ್ಪ ತಾಮ್ರದ ಕೊಳವೆಯನ್ನ ಚಕ್ಕುಲಿ ಥರ ಸುತ್ತಿದ ಕೆಳಗಿನ ಸುರುಳಿ. ಅದರ ನಡುವೆ ಎದ್ದು ನಿಂತ ಪೈಪಿಗೆ ಸಣ್ಣ ತಂತಿ ಸಾವಿರ ಸುತ್ತು ಸುತ್ತಿದ ಮೇಲಿನ ಸುರುಳಿ. ಪೈಪಿನ ತಲೆ ಮೇಲೊಂದು ಸ್ಟೀಲ್ ಚೊಂಬು. ಮಿಂಚು ಹಾರೋದು ಆ ಚೊಂಬಿನಿಂದ, ಎದುರಿಗೆ ಭೂಮಿಗೆ ತಂತಿ ಕಟ್ಟಿ ನಿಲ್ಲಿಸಿದ ಸರಳಿಗೆ. ಬೀದಿಯವರ ಏಣಿ, ಒನಕೆ, ಪಾತ್ರೆಗಳ ಮಾತಿಗೆ ಅಷ್ಟು ಸಾಕಾಗ್ತಿತ್ತು. ಅಳೆದು ನೋಡಿದೆ, ಹನ್ನೊಂದು ಇಂಚು. ಇನ್ನೂ ಒಂಬತ್ತು ಬೇಕು, ಅರವತ್ತು ದಿನದೊಳಗೆ.

ಮೊದಲನೇ ತಪ್ಪು ಕಂಡುಹಿಡಿದದ್ದು ಫಾಲಾಕ್ಷಪ್ಪನೇ. ಅವರು ಒಳಗೆ ಬರೋ ಹಾಗಿಲ್ಲವಲ್ಲ, ಅದಕ್ಕೆ ಮೇಲಿನ ಸುರುಳಿಯನ್ನ ಜಗಲಿಗೇ ಎತ್ತಿಕೊಂಡು ಬಂದೆ. ಅವರು ಕನ್ನಡಕ ಏರಿಸಿ, ಬಾಬಿನ್ನಿಗೆ ದಾರ ಸುತ್ತಿ ಪಳಗಿದ ಬೆರಳಲ್ಲಿ ಸವರಿ, "ಇಲ್ಲಿ ನೋಡಿ, ಒಂದು ಎಳೆ ಇನ್ನೊಂದರ ಬೆನ್ನು ಹತ್ತಿದೆ. ಇಲ್ಲಿ ಸಂದು ಬಿಟ್ಟಿದೆ. ಇಂಥ ಹೊಲಿಗೆ ನಾನು ಹಾಕಿದ್ದರೆ ನಮ್ಮಪ್ಪ ಕೈ ಮುರೀತಿದ್ದರು" ಅಂದರು. ನನಗೆ ಅವಮಾನ ಆಯ್ತು. ಮೋಟಾರಿನ ತಂತಿ ಸುತ್ತೋದರಲ್ಲಿ ನನ್ನನ್ನ ಮೀರಿಸೋರು ಊರಲ್ಲಿಲ್ಲ. ಆದರೆ ಮೋಟಾರಲ್ಲಿ ತಂತಿಯನ್ನ ಗಾಡಿಗೆ ಹುಲ್ಲು ತುರುಕಿದ ಹಾಗೆ ತುರುಕಿದರೂ ನಡೆಯುತ್ತೆ, ಇಲ್ಲಿ ಎಳೆ ಪಕ್ಕ ಎಳೆ ಕೂರಬೇಕು. ಒಂದು ತೊಡರಿದರೂ ಅಲ್ಲೇ ಕಿಡಿ ಸೋರಿಹೋಗುತ್ತೆ. ಬಿಚ್ಚಿದೆವು. ನಾನು ಪೈಪು ತಿರುಗಿಸೋದು, ಅವರು ತಂತಿ ಕೂರಿಸೋದು. ನಾಲ್ಕು ಮಧ್ಯಾಹ್ನ, ಸಾವಿರದ ನಲವತ್ತು ಸುತ್ತು. ಸುತ್ತು ಎಣಿಸೋವಾಗ ಮಾತಾಡಬಾರದು ಅಂತ ಕರಾರು. ಆದರೂ ಮುನ್ನೂರ ಹನ್ನೆರಡಕ್ಕೆ ಅವರು "ನಿಮ್ಮ ಕೈ ಬಹಳ ಚೆಂದ" ಅಂದುಬಿಟ್ಟರು. ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಎಣಿಸಬೇಕಾಯ್ತು. ಬೈಯಬೇಕು ಅಂದುಕೊಂಡವಳು 'ಒಂದು' ಅಂತ ಶುರು ಮಾಡಿದೆ.

ವಾರ್ನಿಷ್ ಒಣಗಿಸಿ ನೋಡಿದಾಗ ಹದಿಮೂರು ಇಂಚು ಹಾರಿತು. ಅವತ್ತು ಒಂದು ಅನಾಹುತವೂ ಆಯ್ತು. ಬೋಲ್ಟಿನ ಚಟಚಟ ಸದ್ದಿಗೆ ಬೆಚ್ಚಿದ ಅತ್ತೆ, "ಈ ಗದ್ದಲದಲ್ಲಿ ನಾನಿನ್ನು ಕಾಫಿ ಮಾಡೋಳಲ್ಲ!" ಅಂದುಬಿಟ್ಟಳು. ಅಷ್ಟೇ. ಅತ್ತೆಯ ಗೇಣು ಏಳು ಇಂಚು, ಮಿಂಚು ಹದಿಮೂರು. ಒಂದು ವರ್ಷ ಅವಳ ಕೈ ಕಾಫಿಪುಡಿ ಡಬ್ಬಿಯತ್ತ ಹೋಗಲೇ ಇಲ್ಲ. ಫಾಲಾಕ್ಷಪ್ಪ ಜಗಲಿ ಮೇಲೆ ಪಂಪ್ ಸ್ಟವ್ ಹಚ್ಚಿ ದಿನಾ ಮೂರು ಲೋಟ ಕಾಫಿ ಮಾಡೋಕೆ ಶುರು ಮಾಡಿದರು. ಅತ್ತೆ ಒಂದು ಗುಟುಕು ಕುಡಿದು, "ನಾನು ಇದನ್ನ ಮೊದಲೇ ಅನ್ನಬೇಕಿತ್ತು" ಅಂದಳು. ಅವತ್ತಿಂದ ಮಾತ್ರ ಊರಿನ ಹಳೇ ನೇಮವನ್ನ ನಾವೂ ಕಟ್ಟುನಿಟ್ಟಾಗಿ ಹಿಡಿದೆವು. ಯಂತ್ರ ಓಡುವಾಗ ಪರೀಕ್ಷೆ ಮಾಡೋರೂ ನೋಡೋರೂ ಬಾಯಲ್ಲಿ ಒಂದು ಗುಟುಕು ನೀರು ಇಟ್ಟುಕೊಂಡಿರಬೇಕು. ನೀರಿದ್ದರೆ ಮಾತು ಜಾರಲ್ಲ.

ಎರಡನೇ ತಪ್ಪು ಭೂಮಿಯದ್ದು. ಮೇಲಿನ ಸುರುಳಿಯ ಬುಡದ ತಂತಿಯನ್ನ ಅಪ್ಪ ನಲ್ಲಿಗೆ ಕಟ್ಟಿದ್ದ. ಆಗ ಅದು ಕಬ್ಬಿಣದ ಕೊಳಾಯಿ, ನೆಲದಾಳಕ್ಕೆ ಹೋಗಿತ್ತು. ಹೋದ ವರ್ಷ ಪ್ಲಾಸ್ಟಿಕ್ ಪೈಪು ಹಾಕಿಸಿದವಳು ನಾನೇ. ನನ್ನ ಬುದ್ಧಿಗೆ ಏನನ್ನಬೇಕು ಹೇಳಿ! ಹಿತ್ತಿಲಲ್ಲಿ ಸೊಂಟದಾಳ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಇದ್ದಿಲು ಉಪ್ಪು ಸುರಿದು ಮುಚ್ಚಿದೆ. ಅತ್ತೆ ದಿನಾ ಅಕ್ಕಿ ತೊಳೆದ ನೀರನ್ನ ಅಲ್ಲೇ ಹುಯ್ದು ನೆಲ ಒದ್ದೆ ಇಟ್ಟಳು. ಮಿಂಚು ಹದಿನೈದಕ್ಕೆ ಬಂತು.

ಮೂರನೇದು ಚೊಂಬು. ಅದರ ಅಂಚಿನ ಸುತ್ತ ನೇರಳೆ ಬಣ್ಣದ ಕೂದಲು ಎದ್ದ ಹಾಗೆ ಸಣ್ಣ ಕಿಡಿಗಳು ಸೋರಿಹೋಗ್ತಿದ್ದವು. ಚೂಪಾಗಿರೋ ಕಡೆಯೆಲ್ಲ ಸೋರಿಕೆ. ನುಣುಪಾಗಿ, ದುಂಡಗೆ, ದೊಡ್ಡದಾಗಿ ಏನಾದರೂ ಬೇಕು ಅಂದೆ. ಫಾಲಾಕ್ಷಪ್ಪ ಸ್ಕೂಟರಿನ ಟ್ಯೂಬಿಗೆ ಗಾಳಿ ತುಂಬಿಸಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನ ಪಟ್ಟಿ ಪಟ್ಟಿ ಕತ್ತರಿಸಿ, ಒಂದು ಸುಕ್ಕೂ ಇಲ್ಲದ ಹಾಗೆ ಸುತ್ತಿ ತಂದರು. ಅಂಥ ಬಳೆಯನ್ನ ಯಾವ ಅಕ್ಕಸಾಲಿಗನೂ ಮಾಡಿರಲಿಕ್ಕಿಲ್ಲ. ಆಗ ತೊಂಬತ್ತಾರನೇ ದಿನ. ಖುಷಿಯಿಂದ ಬಳೆಯನ್ನ ಪೈಪಿನ ತಲೆ ಮೇಲೆ ಕೂರಿಸಿ, ಬಾಯಿಗೆ ನೀರು ತುಂಬಿಕೊಂಡು, ಕೋಲಿಂದ ಸ್ವಿಚ್ ಒತ್ತಿದೆ. ಏಳು ಇಂಚು! ಹದಿನೈದಿದ್ದದ್ದು ಏಳಕ್ಕೆ ಇಳಿಯಿತು.

ನನಗೆ ಕಾರಣ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಸ್ವಿಚ್ ಆರಿಸಿ ಜಗಲಿಗೆ ಬಂದು ಹೇಳಿಕೊಂಡೆ. ಉಯ್ಯಾಲೆ ತೂಗೋವಾಗ ಅದು ಬರೋ ಲಯ ನೋಡಿಕೊಂಡು ತಳ್ಳಬೇಕಲ್ಲ, ಹಾಗೇ ಇದು. ಕೆಳಗಿನ ಸುರುಳಿ ತಳ್ಳೋದು, ಮೇಲಿನದು ತೂಗೋದು. ದೊಡ್ಡ ಬಳೆ ಕೂರಿಸಿದರೆ ಉಯ್ಯಾಲೆಯ ಹಗ್ಗ ಉದ್ದ ಮಾಡಿದ ಹಾಗೆ, ತೂಗೋದು ನಿಧಾನ ಆಗುತ್ತೆ. ತಳ್ಳೋ ಲಯವನ್ನೂ ನಿಧಾನ ಮಾಡಬೇಕು. ಅದಕ್ಕೆ ಕೆಳಗಿನ ಸುರುಳಿಯ ಒಂಬತ್ತನೇ ಸುತ್ತಿಗೆ ಕಚ್ಚಿಕೊಂಡಿರೋ ಕ್ಲಿಪ್ಪನ್ನ ತೆಗೆದು ಹತ್ತಕ್ಕೋ ಹನ್ನೊಂದಕ್ಕೋ ಸರಿಸಬೇಕು. ಒಂದು ನಿಮಿಷದ ಕೆಲಸ. ಆದರೆ ಅದು ಅಪ್ಪನ ಕ್ಲಿಪ್ಪು. ನನಗೆ ಹತ್ತು ವರ್ಷ ಇದ್ದಾಗ ಅಪ್ಪ ಒಂದು ತಿಂಗಳು ಒದ್ದಾಡಿ ಆ ಜಾಗ ಹುಡುಕಿದ್ದ. ನಾನು ಅದನ್ನ ಎಳೆಯೋಕೆ ಹೋದಾಗ, ಯಂತ್ರ ಓಡ್ತಾ ಇರುವಾಗಲೇ, "ಇದನ್ನ ನಮ್ಮನೆಯವರು ಯಾರೂ ಮುಟ್ಟೋದಿಲ್ಲ!" ಅಂತ ಗುಡುಗಿದ್ದ. ಮನೆ ಯಜಮಾನ ಮಿಂಚಲ್ಲಿ ಆಡಿದ ಮಾತು ಮನೆಮಂದಿಗೆಲ್ಲ ಕಟ್ಟು, ಮೊಳದ್ದಾದರೆ ಯಜಮಾನ ಹೋದ ಮೇಲೂ ಅವರವರ ಜೀವ ಇರೋವರೆಗೆ. ಅವತ್ತಿಂದ ಇಪ್ಪತ್ತೆಂಟು ವರ್ಷ, ಅಪ್ಪ ತೀರಿಕೊಂಡ ಮೇಲೂ, ನಾವು ಆ ಕ್ಲಿಪ್ಪಿನ ಧೂಳು ಕೂಡ ಒರೆಸಿರಲಿಲ್ಲ.

ಎಲ್ಲ ಕೇಳಿಸಿಕೊಂಡ ಫಾಲಾಕ್ಷಪ್ಪ ಮೆಲ್ಲಗೆ, "ನಾನು ಸರಿಸಲಾ? ನಾನು ಈ ಮನೆಯವನು ಅರ್ಧ ಮಾತ್ರ. ಹಿತ್ತಿಲ ಕಿಟಕಿಯಿಂದ ಎಡಗೈ ಹಾಕಿ ಸರಿಸ್ತೀನಿ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು, "ಹೊರಗಿನವರು ಅಂತ ಹೇಳ್ಕೊಂಡು ಅದನ್ನ ಮುಟ್ಟಿದರೆ ನೀವು ಹೊರಗಿನವರಾಗೇ ಉಳೀತೀರಿ! ಅದು ಬೇಕಾ ನಿಮಗೆ?" ಅಂತ ಕಿರುಚಿದೆ. ಕಣ್ಣಲ್ಲಿ ನೀರು ಬಂತು. "ನನಗೆ ಬೇಡ" ಅಂತ ಸೇರಿಸಿದೆ. ಅವರು ಅರ್ಧ ಎಲೆ ಮಡಿಚಿ ಎದ್ದು ಹೋದರು. ಎರಡು ದಿನ ಬರಲೇ ಇಲ್ಲ. ನನ್ನ ಬಾಯಿಗೆ ನಾನೇ ಬೈದುಕೊಂಡೆ.

ತೊಂಬತ್ತೊಂಬತ್ತನೇ ದಿನ ಮಧ್ಯಾಹ್ನ ಬೆವರು ಸುರಿಸಿಕೊಂಡು ಬಂದರು. ಕಂಕುಳಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ. ಅವರಪ್ಪನ ಕಾಲದ ಅಳತೆ ಪುಸ್ತಕ. ಎರಡು ದಿನ ಅಟ್ಟದ ಮೇಲೆ ಹುಡುಕಿದ್ದರಂತೆ. ನಮ್ಮೂರಲ್ಲಿ ಟೈಲರುಗಳು ಕೊರಳು, ಎದೆ, ಸೊಂಟದ ಜೊತೆಗೆ ಗೇಣು, ಮೊಳ ಕೂಡ ಬರೆದಿಡ್ತಾರೆ, ಜನ ಆಗಾಗ ಬಂದು ಕೇಳ್ತಾರಲ್ಲ. ನನ್ನ ಅಪ್ಪನ ಹೆಸರಿನ ಮುಂದೆ ನೇರಳೆ ಮಸಿಯಲ್ಲಿ ಬರೆದಿತ್ತು. ಗೇಣು ಹತ್ತು, ಮೊಳ ಇಪ್ಪತ್ತೊಂದೂಕಾಲು. "ನನ್ನ ತೋಳು ಎಲ್ಲಿಂದ ಬಂತು ಅಂತ ನನಗೆ ಗೊತ್ತಿದೆ, ಅದಕ್ಕೇನೀಗ?" ಅಂದೆ. ಅವರು ಅತ್ತೆಯ ಕಡೆ ತಿರುಗಿ, "ಅತ್ತೇ, ಅವತ್ತು ನೀವು ಇದ್ದಿರಲ್ಲ, ಮಿಂಚು ಎಷ್ಟು ದೊಡ್ಡದಿತ್ತು?" ಅಂತ ಕೇಳಿದರು. "ಅಯ್ಯೋ, ಮನೆ ತುಂಬಾ! ಕಣ್ಣು ಬಿಡೋಕಾಗ್ತಿರಲಿಲ್ಲ" ಅಂದಳು ಅತ್ತೆ. ನನಗೂ ಹಾಗೇ ನೆನಪು, ಆಕಾಶದಷ್ಟು ದೊಡ್ಡದು. "ಎಲ್ಲಿಗೆ ಹಾರಿತು?" "ಚೊಂಬಿಂದ ಕಿಟಕಿಯ ಸರಳಿಗೆ. ಸರಳು ಸುಟ್ಟ ಗುರುತು ಈಗಲೂ ಇದೆ ನೋಡು." ಫಾಲಾಕ್ಷಪ್ಪ ಕೊರಳಿಂದ ಟೇಪು ತೆಗೆದು ನನ್ನ ಕೈಗಿಟ್ಟರು. ಯಂತ್ರ ಅಪ್ಪ ಕಟ್ಟಿಸಿದ ಸಿಮೆಂಟು ಕಟ್ಟೆ ಬಿಟ್ಟು ಅಲ್ಲಾಡಿರಲಿಲ್ಲ. ನಾನು ಬಳೆ ಇಳಿಸಿ ಚೊಂಬು ಕೂರಿಸಿ, ಕಪ್ಪು ಗುರುತಿನವರೆಗೆ ಟೇಪು ಎಳೆದೆ. ಹನ್ನೊಂದೂವರೆ ಇಂಚು.

ಅಪ್ಪನ ಗೇಣಿಗಿಂತ ಒಂದೂವರೆ ಇಂಚು ಜಾಸ್ತಿ, ಮೊಳಕ್ಕೆ ಅರ್ಧ ದಾರಿ. ಅದು ಒಂದು ವರ್ಷದ ಮಾತು! ನಾನು ಹನ್ನೊಂದು ವರ್ಷದವಳಾಗೋ ಹೊತ್ತಿಗೆ ಅದು ಮುಗಿದುಹೋಗಿತ್ತು. ಆಮೇಲೆ ಇಪ್ಪತ್ತೇಳು ವರ್ಷ ನಾವು ಸುಮ್ಮಸುಮ್ಮನೆ ಹೆದರಿಕೊಂಡು ಕೂತಿದ್ದೆವು. ಅಳೆದು ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ, ಅಪ್ಪನ ಮಾತು ಅಂದ ಮೇಲೆ ಅದು ಜೀವಮಾನದ್ದೇ ಅಂದುಕೊಂಡಿದ್ದೆವು. ಅತ್ತೆ ನಗೋಕೆ ಶುರು ಮಾಡಿದಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಅಪ್ಪ ಎರಡನೇ ಸಲ ಹೋದ ಹಾಗಾಯ್ತು. ಆಮೇಲೆ ಬಾಟಲಿಗಳ ತಲೆಗೆ ಕೋಲು ಮುಟ್ಟಿಸಿ ಉಳಿದ ಕರೆಂಟು ಇಳಿಸಿ, ಕೈ ಚಾಚಿದೆ. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂದುಕೊಂಡೇ ಚಾಚಿದೆ. ಕೈ ನಿಲ್ಲಲಿಲ್ಲ. ಕ್ಲಿಪ್ಪು ಕಟಕ್ ಅಂತ ಬಿಟ್ಟಿತು. ಸುತ್ತಲಿನ ತಾಮ್ರವೆಲ್ಲ ಕಪ್ಪಾಗಿತ್ತು, ಕ್ಲಿಪ್ಪಿನಡಿ ಮಾತ್ರ ಬೆರಳಗಲ ಜಾಗ ಹೊಸದರ ಹಾಗೆ ಫಳಫಳ ಹೊಳೀತಿತ್ತು.

ನೂರನೇ ದಿನ ಮಧ್ಯಾಹ್ನಕ್ಕೇ ಹೊನ್ನಮ್ಮ ಬಂದು, ನನ್ನ ತೋಳು ಅಳೆದು, ಅಷ್ಟುದ್ದದ ನೂಲು ಕತ್ತರಿಸಿದಳು. ಬಳೆಯಿಂದ ಸರಿಯಾಗಿ ಅಷ್ಟು ದೂರಕ್ಕೆ ಸರಳನ್ನ ನಿಲ್ಲಿಸಿದಳು. ಕೋಣೇಲಿ ಜಾಗ ಸಾಲದೆ, ಫಾಲಾಕ್ಷಪ್ಪನಿಗೂ ಕಾಣಲಿ ಅಂತ, ಯಂತ್ರವನ್ನ ಅಂಗಳಕ್ಕೆ ತಂದಿದ್ದೆವು. ಬೀದಿಯವರೆಲ್ಲ ಬಂದರು. ಅತ್ತೆ ಕೊಡದಿಂದ ಎಲ್ಲರ ಲೋಟಕ್ಕೂ ನೀರು ಹುಯ್ದಳು. ಇಪ್ಪತ್ತು ಇಂಚಿನ ಮಿಂಚಲ್ಲಿ ಯಾರ ಬಾಯಿಂದ ಏನು ಜಾರಿದರೂ ಅದು ಜೀವಮಾನದ್ದು, ಹುಷಾರಾಗಿರಬೇಕಲ್ಲ. ಐವತ್ತು ಜನ ಕೆನ್ನೆ ಉಬ್ಬಿಸಿಕೊಂಡು ನಿಂತದ್ದನ್ನ ನೋಡಿ ನನಗೆ ನಗು ತಡೆಯೋಕಾಗಲಿಲ್ಲ. ಫಾಲಾಕ್ಷಪ್ಪ ಜಗಲಿ ತುದೀಲಿ ಕೂತಿದ್ದರು. ಮುಂದೆ ಖಾಲಿ ಅರ್ಧ ಎಲೆ. ಬೆಳಗಿಂದ ಒಂದು ಹನಿ ಕಾಫಿ ಕೂಡ ಕುಡಿದಿರಲಿಲ್ಲ.

ಹತ್ತನೇ ಸುತ್ತಿಗೆ ಕ್ಲಿಪ್ಪು ಹಾಕಿದಾಗ ಮಿಂಚು ಹನ್ನೆರಡಕ್ಕೆ ಬಂತು. ಹನ್ನೊಂದಕ್ಕೆ ಹದಿನಾರು. ಹನ್ನೆರಡಕ್ಕೆ ಹಾಕಿದಾಗ ಹತ್ತೊಂಬತ್ತರ ಹತ್ತಿರ ಬಂದು, ಸರಳಿನ ಕಡೆ ಕೈ ಚಾಚಿ, ಮುಟ್ಟದೆ ಆರಿಹೋಯ್ತು. ಹನ್ನೆರಡೂವರೆಗೆ ಹಾಕಿದರೆ ಮತ್ತೆ ಹದಿನೆಂಟು. ವಾಪಸ್ ಕಾಲು ಸುತ್ತು ತಂದೆ, ಹತ್ತೊಂಬತ್ತೂವರೆ. ಪ್ರತಿ ಸಲವೂ ಸ್ವಿಚ್ ಆರಿಸೋದು, ಬಾಟಲಿಗೆ ಕೋಲು ಮುಟ್ಟಿಸೋದು, ಕ್ಲಿಪ್ಪು ಬೆರಳಗಲ ಸರಿಸೋದು, ಮತ್ತೆ ನೀರು ತುಂಬಿಕೊಳ್ಳೋದು. ಹೊನ್ನಮ್ಮ ತಲೆ ಆಡಿಸಿ ಪಶ್ಚಿಮದ ಕಡೆ ಬೆರಳು ತೋರಿಸಿದಳು. ಸೂರ್ಯ ನೀರಿನ ಟ್ಯಾಂಕಿನ ತಲೆ ಮೇಲೆ ಇಳಿದು ಕೂತಿದ್ದ. ಇನ್ನು ಅರ್ಧ ಇಂಚು. ಬರೀ ಅರ್ಧ ಇಂಚು. ಜಗಲಿ ಕಡೆ ನೋಡೋ ಧೈರ್ಯ ಆಗಲಿಲ್ಲ.

ಮತ್ತೆ ಸ್ವಿಚ್ ಒತ್ತಿದೆ. ಹತ್ತೊಂಬತ್ತೂವರೆ, ಹತ್ತೊಂಬತ್ತೂವರೆ, ಅಲ್ಲಲ್ಲೇ ತಡಕಾಡ್ತಿದೆ. ಅಷ್ಟರಲ್ಲಿ ಅತ್ತೆ, ಬಾಯಿ ತುಂಬ ನೀರಿಟ್ಟುಕೊಂಡು, ಮೊರ ಹಿಡಿದು ಬಂದಳು. ಎರಡು ಬೋಲ್ಟುಗಳ ನಡುವೆ ಕಿಡಿ ಎಡೆಬಿಡದೆ ಉರಿದು ಅವು ಕೆಂಡದ ಹಾಗೆ ಕೆಂಪಾಗಿದ್ದವು. ಪಾಪ, ಸುಟ್ಟುಹೋಗುತ್ತೆ ಅಂದುಕೊಂಡಳೋ ಏನೋ, ದೂರದಿಂದಲೇ ಬಡಬಡ ಗಾಳಿ ಹಾಕೋಕೆ ಶುರು ಮಾಡಿದಳು. ಅವಳಿಗೇನು ಗೊತ್ತು, ಬಿಸಿ ಗಾಳಿ ಅಲ್ಲೇ ನಿಂತು ಕಿಡಿಯನ್ನ ಮಂಕು ಮಾಡಿತ್ತು ಅಂತ! ಇಪ್ಪತ್ತು ವರ್ಷದಿಂದ ಮೋಟಾರು ಬಿಚ್ಚಿದ ನನಗೇ ಹೊಳೆದಿರಲಿಲ್ಲ. ಚಟಚಟ ಅಂತಿದ್ದ ಸದ್ದು ಫಟ್ ಫಟ್ ಅಂತ ಗಟ್ಟಿಯಾಯ್ತು. ಬಳೆಯಿಂದ ಬಿಳೀ ಮಿಂಚೊಂದು ಸೊಟ್ಟ ಸೊಟ್ಟ ಎದ್ದು ಹೋಗಿ ಸರಳನ್ನ ಕಚ್ಚಿತು. ಬಿಡಲಿಲ್ಲ, ಕಚ್ಚಿಕೊಂಡೇ ಇತ್ತು. ಹೊನ್ನಮ್ಮ ಕೈ ಎತ್ತಿದಳು. ಮಾತಾಡು ಅಂತ.

ನಾನು ಒಂದು ತಿಂಗಳಿಂದ ಮಾತು ಜೋಡಿಸಿಟ್ಟಿದ್ದೆ. ಚೆಂದದ ಮಾತು, ಸಾಕ್ಷಿ, ಕೈಹಿಡಿ, ಬಾಳು, ಎಲ್ಲ ಇತ್ತು ಅದರಲ್ಲಿ. ಬಾಯಲ್ಲಿದ್ದ ನೀರು ನುಂಗೋಕೆ ಹೋಗಿ ನೆತ್ತಿಗೇರಿತು. ಕೆಮ್ಮಿದೆ. ಇದ್ದ ನೀರೆಲ್ಲ ಹೊನ್ನಮ್ಮನ ಸೀರೆ ಮೇಲೆ. ಜೋಡಿಸಿಟ್ಟ ಮಾತು ಪೂರ್ತಿ ಹಾರಿಹೋಯ್ತು. ತಿರುಗಿ ನೋಡಿದರೆ ಜಗಲಿ ಮೇಲೆ ಆ ಪುಟ್ಟ ಮನುಷ್ಯ, ಮುಂದೆ ಖಾಲಿ ಅರ್ಧ ಎಲೆ, ಹಸಿದು ಬಾಡಿದ ಮುಖದ ತುಂಬಾ ನಗು. "ಏನ್ರೀ, ಬೆಳಗಿಂದ ಉಪವಾಸ ಕೂತಿದ್ದೀರಲ್ರೀ!" ಅಂತ ಕೂಗಿದೆ. "ಏಳಿ, ಒಳಗೆ ಬನ್ನಿ! ಇನ್ನು ಮೇಲೆ ದಿನಾ ಇಬ್ಬರೂ ಒಟ್ಟಿಗೇ ಕೂತು ಉಣ್ಣೋಣ, ನೀವಿಲ್ಲದೆ ನನಗೆ ಒಂದು ತುತ್ತೂ ಬೇಡ!"

ಮಿಂಚು ಆರಿತು. ಹೊನ್ನಮ್ಮ ಸೀರೆ ಒರೆಸಿಕೊಂಡು, ನೂಲನ್ನ ಇನ್ನೊಂದು ಸಲ ಬಳೆಯಿಂದ ಸರಳಿಗೆ ಹಿಡಿದು ನೋಡಿ, ಬಾಯಲ್ಲಿದ್ದ ನೀರು ಉಗುಳಿ, "ಮದುವೆ ಅಂದರೆ ಇನ್ನೇನಮ್ಮ, ನಡೆಯುತ್ತೆ" ಅಂದು ಠಸ್ಸೆ ಒತ್ತಿದಳು. ಐವತ್ತು ಬಾಯಿಂದ ಒಟ್ಟಿಗೇ ನೀರು ಬಿತ್ತು, ಒಟ್ಟಿಗೇ ಕೂಗು ಎದ್ದಿತು. ಬಜ್ಜಿ ಅಂಗಡಿಯ ಸಿದ್ದಲಿಂಗ ತಡೆಯೋಕಾಗದೆ ಮಿಂಚು ಇರುವಾಗಲೇ ನೀರುಗುಳಿ "ಇವತ್ತು ಬೀದಿಗೆಲ್ಲ ಬಜ್ಜಿ ನಂದು!" ಅಂದಿದ್ದನಂತೆ. ಪುಣ್ಯಕ್ಕೆ ಇವತ್ತು ಅಂದಿದ್ದ. ಫಾಲಾಕ್ಷಪ್ಪ ಹೊಸ್ತಿಲ ಹತ್ತಿರ ಬಂದು, ನೂರು ದಿನದ ಅಭ್ಯಾಸದಿಂದ ಒಂದು ಕ್ಷಣ ನಿಂತರು. ನಾನು ತೋಳು ಚಾಚಿದೆ. ಅಷ್ಟುದ್ದದ ತೋಳಿದ್ದದ್ದು ಅವತ್ತು ಉಪಯೋಗಕ್ಕೆ ಬಂತು. ಅತ್ತೆ ಇಡೀ ಎಲೆ ಹಾಸಿ ಬಡಿಸಿದಳು. ಮೊದಲನೇ ತುತ್ತು ತಿನ್ನೋವಾಗ ಸೂರ್ಯ ಟ್ಯಾಂಕಿನ ಹಿಂದೆ ಇಳಿದ.

ಇದಾಗಿ ಹದಿನಾರು ವರ್ಷ ಆಯ್ತು. ಆ ಮಾತಿನಲ್ಲಿ ಎಷ್ಟು ತೊಂದರೆ ಇದೆ ಅಂತ ಅವತ್ತು ಯೋಚನೆ ಮಾಡಿರಲಿಲ್ಲ. ಅವರಿಗೆ ಜ್ವರ ಬಂದು ಗಂಜಿ ಕುಡಿದರೆ ನಾನೂ ಪಕ್ಕದಲ್ಲಿ ಕೂತು ಗಂಜಿಯನ್ನೇ ಕುಡೀಬೇಕು. ಅವರು ಪಕ್ಕದೂರಿಗೆ ಕೋಟು ಕೊಡೋಕೆ ಹೋದರೆ, ಇಗೋ, ಇವತ್ತಿನ ಹಾಗೆ, ಮುದ್ದೆ ಮುಚ್ಚಿಟ್ಟುಕೊಂಡು ನಾನು ಕಾಯಬೇಕು. ಒಂದು ಸಲ ಕದ್ದು ಕೋಡುಬಳೆ ತಿನ್ನೋಕೆ ಹೋಗಿ ಮೂರು ದಿನ ಕೈ ಜೋಮು ಹಿಡಿದಿತ್ತು. ಅತ್ತೆ ಈಗಲೂ ಆ ಕಥೆ ಹೇಳಿಕೊಂಡು ನಗ್ತಾಳೆ. ಆದರೆ ಹದಿನಾರು ವರ್ಷದಲ್ಲಿ ನಾನು ಆ ಮೇಜಿನ ಪಕ್ಕ ನಿಂತು ಒಬ್ಬಳೇ ಉಂಡದ್ದು ಒಂದು ಹೊತ್ತೂ ಇಲ್ಲ.

ಅಗೋ, ಗೇಟು ಕಿರ್ ಅಂತು. ಕೊರಳಲ್ಲಿ ಟೇಪು, ಮುಖದಲ್ಲಿ ಅದೇ ನಗು. "ಬಸ್ಸು ತಡ ಆಯ್ತು ಕಣೇ, ಬಹಳ ಹಸಿದ್ಯಾ?" ಅಂತಿದ್ದಾರೆ. ಇಲ್ಲ ಅಂತ ಒಣ ಮಾತು ಹೇಳಿದ್ದೀನಿ. ಕೈ ಕಾಲು ತೊಳೆದುಕೊಂಡು ಬರಲಿ, ಎಲೆ ಹಾಕ್ತೀನಿ.